ಕೈ ತೋರಿಸಿದ ಮೇಲೆ ಮುಂದೆ ಹೋಗ್ರಿ

(ಕಲಬುರಗಿಯಲ್ಲಿ ಒಂದು ಭಾನುವಾರ ಸಂಜೆ ಕಾರು-ಬೈಕು ಹುಚ್ಚಿನ ಹುಡುಗರ ಬಳಗವೊಂದರ ಮುಂದೆ ಆಡಿದ ಮಾತು. ಬರೆಯುವಾಗ ವಾಕ್ಯಗಳನ್ನು ಸ್ವಲ್ಪ ತಿದ್ದಿದ್ದೇನೆ. ನಮ್ಮ ಕಡೆಯ ಮಾತು ಅಲ್ಲಲ್ಲಿ ಉಳಿದುಕೊಂಡಿದೆ, ಇರಲಿ.)

ಎಲ್ಲರಿಗೂ ಶರಣು.

ಪರಿಚಯ ಮಾಡಿಕೊಟ್ಟವರು ನನ್ನನ್ನು ರೇಸರ್ ಅಂದುಬಿಟ್ಟರು. ಅಲ್ರಿ. ನಾನು ಹುಮನಾಬಾದ್ ರಸ್ತೆ ಕಡೆ ಗ್ಯಾರೇಜ್ ಇಟ್ಟುಕೊಂಡವನು. ವರ್ಷಕ್ಕೆ ಒಂದೋ ಎರಡೋ ಸಲ ದುಡ್ಡು ಕೂಡಿಸಿಕೊಂಡು, ನನ್ನ ಹಳೇ ಸ್ವಿಫ್ಟನ್ನು ನಾನೇ ಓಡಿಸಿಕೊಂಡು ಚೆನ್ನೈ ಪಕ್ಕದ ಇರುಂಗಾಟುಕೋಟೈಗೋ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗಿ, ಟ್ರ್ಯಾಕ್ ಡೇ ಮುಗಿಸಿ, ಅದೇ ಗಾಡಿಯಲ್ಲಿ ಊರಿಗೆ ವಾಪಸ್ ಬರುವವನು. ಇಲ್ಲಿಂದ ಚೆನ್ನೈಗೆ ಏಳುನೂರು ಕಿಲೋಮೀಟರಿಗೂ ಹೆಚ್ಚು. ಹೋದ ಗಾಡಿಯಲ್ಲೇ ಬರಬೇಕು ಅನ್ನುವ ಆಸೆ ಇರುವವನಿಗೆ ಕೆಲವು ಬುದ್ಧಿ ತಾವಾಗಿಯೇ ಬರುತ್ತವೆ. ಕೆಲವು ತಡವಾಗಿ ಬಂದವು, ಅದನ್ನೂ ಹೇಳುತ್ತೇನೆ.

ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ. ರೇಸ್ ನಡೆಯುವ ಜಾಗವನ್ನು ಯಾರೋ ಒಂದು ದಿನಕ್ಕೆ ಬಾಡಿಗೆ ಹಿಡಿಯುತ್ತಾರೆ, ನಾವು ಫೀ ಕಟ್ಟಿ ನಮ್ಮ ಗಾಡಿ ತಗೊಂಡು ಹೋಗುತ್ತೇವೆ. ಹೊಸಬರು, ಪಳಗಿದವರು ಅಂತ ಗುಂಪು ಮಾಡಿ, ಹದಿನೈದು-ಇಪ್ಪತ್ತು ನಿಮಿಷ ಒಂದೊಂದು ಗುಂಪಿಗೆ ಬಿಡುತ್ತಾರೆ. ಗೆದ್ದವರಿಲ್ಲ, ಸೋತವರಿಲ್ಲ. ಇರುಂಗಾಟುಕೋಟೈಯದು ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು 1990ರಲ್ಲಿ ಶುರುಮಾಡಿದ ಟ್ರ್ಯಾಕ್, ಸುತ್ತಳತೆ 3.7 ಕಿಲೋಮೀಟರ್. ಅದಕ್ಕೂ ಮೊದಲು ಶೋಳಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ಹಳೇ ವಿಮಾನ ಪಟ್ಟಿಯ ಮೇಲೆ ರೇಸ್ ಓಡಿಸುತ್ತಿದ್ದರು. ಕರಿ ಸ್ಪೀಡ್‌ವೇ ಚಿಕ್ಕದು, ಎರಡು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ದಿಲ್ಲಿ ಹತ್ತಿರ ಗ್ರೇಟರ್ ನೋಯ್ಡಾದಲ್ಲಿ 2011ರಲ್ಲಿ ಫಾರ್ಮುಲಾ ಒನ್‌ಗೆ ಅಂತ ಕಟ್ಟಿದ ಬುದ್ಧ್ ಸರ್ಕ್ಯೂಟ್ 5.1 ಕಿಲೋಮೀಟರ್. ಬೀದರಿನಿಂದ ಯಾದಗಿರಿವರೆಗೆ ಹುಡುಕಿದರೂ ನಮ್ಮಲ್ಲಿ ಅಂಥದ್ದೊಂದು ಇಲ್ಲ. ಅದಕ್ಕೇ ನಮ್ಮ ಹುಡುಗರು ರಾತ್ರಿ ಹನ್ನೊಂದಾದ ಮೇಲೆ ರಿಂಗ್ ರೋಡಿಗೆ ಇಳಿಯುತ್ತಾರೆ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಂಡ ಕಟ್ಟಿ ಬರಬಹುದು. ತೊಗರಿ ಮೂಟೆ ಹೇರಿಕೊಂಡು ಲೈಟಿಲ್ಲದೆ ನಿಂತ ಟ್ರ್ಯಾಕ್ಟರಿಗೆ ದಂಡ ಕಟ್ಟಿ ಬರಲಾಗುವುದಿಲ್ಲ.

ಹೋದ ವರ್ಷ ನಮ್ಮ ಗ್ಯಾರೇಜಿಗೆ ಬಂದ ಒಬ್ಬ ಹುಡುಗ ಕೇಳಿದ: “ಅಣ್ಣಾ, ಟ್ರ್ಯಾಕಿನ್ಯಾಗ ಎದುರಿಗಿ ಗಾಡಿ ಬರಲ್ಲ, ದನ ಬರಲ್ಲ, ಸ್ಪೀಡ್ ಬ್ರೇಕರ್ ಇಲ್ಲ. ಮತ್ತ ಅಂಜೋದ್ಯಾಕ?”

ಪ್ರಶ್ನೆ ಖರೇ ಅದ. ದನ ಇಲ್ಲ. ಆದರೆ ನೀನಿದ್ದೀಯಲ್ಲಪ್ಪ. ನಿನ್ನ ಹಾಗೇ ಇನ್ನೂ ಹದಿನೈದು ಮಂದಿ, ಮೊದಲ ಸಲ ಬಂದವರು, ಎಲ್ಲರಿಗೂ ಎದೆಯಲ್ಲಿ ಡೊಳ್ಳು ಬಾರಿಸುತ್ತಿರುತ್ತದೆ. ದನ ಅಡ್ಡ ಬರುತ್ತದೆ ಅಂತ ನಮಗೆ ಮೊದಲೇ ಗೊತ್ತಿರುತ್ತದೆ, ಅದಕ್ಕೆ ತಯಾರಿರುತ್ತೇವೆ. ಟ್ರ್ಯಾಕಿನಲ್ಲಿ ಮುಂದಿನವನು ಸುಮ್ಮಸುಮ್ಮನೆ ಬ್ರೇಕ್ ಹಾಕುತ್ತಾನೆ ಅಂತ ಯಾರೂ ತಯಾರಿರುವುದಿಲ್ಲ.

ನೀವು ಹುಮನಾಬಾದ್ ರಸ್ತೆಯಲ್ಲಿ ಲಾರಿ ಹಿಂದೆ ಹೋಗಿದ್ದೀರಲ್ಲ, ಹಳೇ ಡ್ರೈವರ್‌ಗಳು ಬಲಗೈ ಹೊರಗೆ ಹಾಕಿ ಮುಂದಕ್ಕೆ ಬೀಸುತ್ತಾರೆ, ‘ಹೋಗು, ಖಾಲಿ ಅದ’ ಅಂತ. ಟ್ರ್ಯಾಕ್ ಡೇ ಓವರ್‌ಟೇಕಿನ ನಿಯಮ ಇಡೀ ಇದೇ. ಮುಂದಿನವನು ಕೈ ತೋರಿಸಬೇಕು, ಆಮೇಲೆ ಹಿಂದಿನವನು ದಾಟಬೇಕು. ಅದೂ ಎಲ್ಲೆಂದರಲ್ಲಿ ಅಲ್ಲ. ಬೆಳಗ್ಗೆ ಬ್ರೀಫಿಂಗಿನಲ್ಲಿ ಹೇಳಿರುತ್ತಾರೆ, ಇಂಥಿಂಥ ನೇರ ದಾರಿಯಲ್ಲಿ ಮಾತ್ರ, ತಿರುವಿನಲ್ಲಿ ಇಲ್ಲ. ನಮ್ಮದು ಬಲಗಡೆ ಸ್ಟೇರಿಂಗ್. ಬಲಗೈಯನ್ನು ಕಿಟಕಿಯಿಂದ ನೇರ ಹೊರಗೆ ಚಾಚಿದರೆ ‘ನನ್ನ ಬಲಕ್ಕೆ ದಾಟು’. ಅದೇ ಕೈಯನ್ನು ಎತ್ತಿ ಗಾಡಿಯ ತಲೆಯ ಮೇಲಿಂದ ಎಡಕ್ಕೆ ತೋರಿಸಿದರೆ ‘ಎಡಕ್ಕೆ ದಾಟು’. ಒಂದು ಗಾಡಿಗೆ ಒಂದು ಸಲ. ಹಿಂದೆ ಮೂರು ಗಾಡಿ ಇದ್ದರೆ ಮೂರು ಸಲ ತೋರಿಸಬೇಕು. ಒಬ್ಬನಿಗೆ ತೋರಿಸಿದ ಕೈ ನೋಡಿಕೊಂಡು ಇನ್ನೊಬ್ಬನೂ ನುಗ್ಗಿದರೆ ಅವತ್ತೇ ಅವನನ್ನು ಮನೆಗೆ ಕಳಿಸುತ್ತಾರೆ, ಫೀ ವಾಪಸ್ ಇಲ್ಲ.

ಲಾರಿಯವರದೇ ಇನ್ನೊಂದು ಸಂಜ್ಞೆ ಇದೆ, ಬಲ ಇಂಡಿಕೇಟರ್. ಒಬ್ಬ ಹಾಕಿದರೆ ‘ದಾಟಿ ಹೋಗು’ ಅಂತ, ಇನ್ನೊಬ್ಬ ಹಾಕಿದರೆ ‘ನಾನು ಬಲಕ್ಕೆ ಹೊರಳುತ್ತೇನೆ’ ಅಂತ. ಒಂದೇ ದೀಪ, ಎರಡು ಅರ್ಥ. ಈ ಗೊಂದಲದಲ್ಲಿ ಎಷ್ಟು ಮನೆ ಹಾಳಾಗಿವೆಯೋ, ನಿಮ್ಮ ನೆಂಟರಲ್ಲೇ ಒಂದು ಸಿಗಬಹುದು. ಟ್ರ್ಯಾಕಿನಲ್ಲಿ ಒಂದು ಸನ್ನೆಗೆ ಒಂದೇ ಅರ್ಥ ಇರುವ ಹಾಗೆ ನೋಡಿಕೊಂಡಿದ್ದಾರೆ. ಜನ ಇದನ್ನು ಎಟಿಕೆಟ್ ಅನ್ನುತ್ತಾರೆ. ಎಟಿಕೆಟ್ ಅಂದ ಕೂಡಲೇ ಟೈ ಕಟ್ಟಿಕೊಂಡು ಚಮಚದಲ್ಲಿ ಉಣ್ಣುವುದು ನೆನಪಾಗುತ್ತದೆ. ನನ್ನ ಪ್ರಕಾರ ಇದು ಸೀಟ್ ಬೆಲ್ಟಿನ ಹಾಗೆ ಗಾಡಿಯ ಒಂದು ಸಾಮಾನು. ನಾನು ಮುಂದೆ ಏನು ಮಾಡುತ್ತೇನೆ ಅನ್ನುವುದು ಹಿಂದಿನವನಿಗೆ ಮೊದಲೇ ಗೊತ್ತಿರಬೇಕು, ಅಷ್ಟೇ.

ಕೈ ತೋರಿಸಿದವನ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ತಾನಿದ್ದ ಗೆರೆಯಲ್ಲೇ ಇರಬೇಕು, ಆಕ್ಸಿಲರೇಟರ್ ಸ್ವಲ್ಪ ಬಿಡಬೇಕು. ಮರ್ಯಾದೆ ಮಾಡಲು ಹೋಗಿ ಪಕ್ಕಕ್ಕೆ ಸರಿಯುವವರಿದ್ದಾರೆ; ಹಿಂದಿನವನು ಅದೇ ಕಡೆ ಬರುತ್ತಿರುತ್ತಾನೆ. ಇನ್ನು ದೊಡ್ಡ ಗಾಡಿಯವರ ಕಥೆ. ಎರಡು ಸಾವಿರ ಸಿಸಿ ಟರ್ಬೊ, ತಿರುವಿನಲ್ಲಿ ಎಮ್ಮೆ ಹೊರಳಿದ ಹಾಗೆ ಹೊರಳುತ್ತದೆ, ನೇರ ದಾರಿ ಬಂದ ಕೂಡಲೇ ಬಾಣ. ಹಿಂದೆ ನಾಲ್ಕು ಚಿಕ್ಕ ಗಾಡಿ ಸಾಲು ಹಚ್ಚಿರುತ್ತವೆ, ತಿರುವಿನಲ್ಲಿ ಇವನಿಗೆ ಅಂಟಿಕೊಂಡು, ನೇರ ದಾರಿಯಲ್ಲಿ ಹಿಂದೆ ಬಿದ್ದು. ಇವನು ಕನ್ನಡಿ ನೋಡಿಕೊಂಡು ‘ನೋಡು, ಹಿಂದೇ ಬಿದ್ದ’ ಅಂದುಕೊಳ್ಳುತ್ತಾನೆ. ತಿರುವಿನಲ್ಲಿ ಒಬ್ಬ ನಿಮ್ಮನ್ನು ಹಿಡಿದ ಅಂದರೆ ಅವನು ನಿಮಗಿಂತ ಬಿರುಸು. ದಾರಿ ಬಿಡಿ. ಬಿಟ್ಟರೆ ಗಡ್ಡ ಮೀಸೆ ಉದುರಲ್ಲ.

ಸೈಕಲ್ ಕಲಿಯುವಾಗ ಹಳ್ಳ ನೋಡುತ್ತಾ ನೋಡುತ್ತಾ ಅದರಲ್ಲೇ ಬಿದ್ದಿದ್ದೇವಲ್ಲ, ಇಲ್ಲೂ ಅಷ್ಟೇ. ಕಣ್ಣು ಹೋದ ಕಡೆ ಗಾಡಿ ಹೋಗುತ್ತದೆ. ಎರಡು ಗಾಲಿ ಡಾಂಬರು ಬಿಟ್ಟು ಮಣ್ಣಿಗೆ ಇಳಿದವು ಅಂದುಕೊಳ್ಳಿ. ಗಾಬರಿಯಲ್ಲಿ ಸ್ಟೇರಿಂಗ್ ಗಪ್ಪನೆ ಎಳೆದರೆ, ಮಣ್ಣಿನಲ್ಲಿದ್ದ ಗಾಲಿಗೆ ಡಾಂಬರು ಸಿಕ್ಕಿದ ಕ್ಷಣ ಗಾಡಿ ಟ್ರ್ಯಾಕಿಗೆ ಅಡ್ಡ ಹಾರುತ್ತದೆ. ಸ್ಟೇರಿಂಗ್ ನೇರ ಹಿಡಿದು, ವೇಗ ಇಳಿಯಲು ಬಿಟ್ಟು, ಹಿಂದೆ ಯಾರಿಲ್ಲ ಅಂತ ನೋಡಿ ಮೆಲ್ಲಗೆ ಮೇಲೆ ಬನ್ನಿ. ಗಾಡಿ ಗಿರಗಿರ ತಿರುಗಿಯೇಬಿಟ್ಟರೆ ಕ್ಲಚ್ಚು, ಬ್ರೇಕು ಎರಡನ್ನೂ ಪೂರಾ ತುಳಿಯಿರಿ. ಬ್ರೇಕ್ ಹಿಡಿದ ಗಾಡಿ ಹೊರಟ ದಿಕ್ಕಿನಲ್ಲೇ ಜಾರುತ್ತಾ ಹೋಗುತ್ತದೆ, ಹಿಂದಿನವನು ಇನ್ನೊಂದು ಪಕ್ಕದಲ್ಲಿ ತಪ್ಪಿಸಿಕೊಳ್ಳಬಹುದು. ಅರ್ಧದಲ್ಲಿ ಬ್ರೇಕ್ ಬಿಟ್ಟರೆ ಅದು ಯಾವ ಕಡೆ ನುಗ್ಗುತ್ತದೋ ನಿಮಗೂ ಗೊತ್ತಿರಲ್ಲ. ಟ್ರ್ಯಾಕ್ ಅಂಚಿಗೆ ಬಣ್ಣ ಬಳಿದ ದಂಡೆ ಇರುತ್ತದಲ್ಲ, ಮಳೆ ಬಿದ್ದಾಗ ಅದನ್ನು ಮುಟ್ಟಬೇಡಿ. ಬಚ್ಚಲಿನ ಒದ್ದೆ ಶಹಾಬಾದ್ ಕಲ್ಲಿನ ಮೇಲೆ ಕಾಲಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸಿಕೊಳ್ಳುವ ಜಾಗಕ್ಕೆ ಪಿಟ್ ಅನ್ನುತ್ತಾರೆ. ಪಿಟ್‌ನಿಂದ ಹೊರಗೆ ಹೋಗುವ ಬಾಯಿ ಎಲ್ಲಕ್ಕಿಂತ ಸೂಕ್ಷ್ಮ ಜಾಗ. 2005ರ ಜೂನ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಸ್ಪೀಡ್‌ವೇಯಲ್ಲಿ ಇಂಥದೇ ಹವ್ಯಾಸಿಗಳ ದಿನ. ಒಂದು ಫೆರಾರಿ ಪಿಟ್‌ನಿಂದ ನಿಧಾನ ವೇಗದಲ್ಲಿ ಟ್ರ್ಯಾಕಿಗೆ ಬಂತು, ಹಿಂದಿನಿಂದ ಪೋರ್ಷೆ ಕರೆರಾ ಜಿಟಿ ಪೂರ್ತಿ ವೇಗದಲ್ಲಿ ಬಂತು. ತಪ್ಪಿಸಲು ಹೋದ ಪೋರ್ಷೆ ಹತೋಟಿ ತಪ್ಪಿ ಗೋಡೆಗೆ ಬಡಿಯಿತು. ಓಡಿಸುತ್ತಿದ್ದವರೂ ಪಕ್ಕದಲ್ಲಿ ಕೂತವರೂ ಇಬ್ಬರೂ ಹೋದರು. ಬೆಳಗ್ಗೆ ಎಲ್ಲರೂ ‘ನಮ್ಮ ಜೀವಕ್ಕೆ ನಾವೇ ಹೊಣೆ’ ಅಂತ ಬರೆದುಕೊಟ್ಟಿದ್ದರು. ಆದರೂ ಕೇಸ್ ಆಗಿ, ಕೊನೆಗೆ ಸುಮಾರು 45 ಲಕ್ಷ ಡಾಲರಿಗೆ ರಾಜಿಯಾಯಿತು. ಇಬ್ಬರೂ ರಾಕ್ಷಸರ ಹಾಗೆ ಓಡಿಸಿದವರಲ್ಲ. ಒಬ್ಬ ನಿಧಾನ, ಒಬ್ಬ ಬಿರುಸು, ಒಬ್ಬರಿಗೊಬ್ಬರು ಗೊತ್ತಿರಲಿಲ್ಲ. ಅದಕ್ಕೇ ಪಿಟ್ ಬಾಯಿಂದ ಒಂದು ಬಿಳಿ ಗೆರೆ ಎಳೆದಿರುತ್ತಾರೆ. ಮಾರ್ಷಲ್ ಬಿಟ್ಟ ಮೇಲೂ ಕನ್ನಡಿ ನೋಡಿಕೊಂಡು, ಗೆರೆ ಮುಗಿಯುವ ತನಕ ಅದರ ಒಳಗೇ ಹೋಗಬೇಕು. ಒಳಗೆ ಬರುವಾಗಲೂ ಹಾಗೇ, ಒಂದು ತಿರುವು ಮೊದಲೇ ಕೈ ಎತ್ತಿ ತಿಳಿಸಬೇಕು.

ಮಾರ್ಷಲ್ ಅಂದೆ. ಹೋಳಿ ಆದ ಐದನೇ ದಿನ ನಮ್ಮ ಶರಣಬಸವೇಶ್ವರರ ತೇರು ನೋಡಿದ್ದೀರಿ. ಹಗ್ಗ ಹಿಡಿದ ಸಾವಿರ ಜನಕ್ಕೆ ಹಿಂದೆ ಗಾಲಿ ಎಲ್ಲಿದೆ ಅಂತ ಕಾಣುವುದಿಲ್ಲ. ಗಾಲಿ ಪಕ್ಕ ಮರದ ಅಡ್ಡ ಹಿಡಿದು ನಡೆಯುವವನಿಗೆ ಕಾಣುತ್ತದೆ. ಅವನು ಕೈ ಎತ್ತಿದ ಅಂದರೆ ಎಳೆಯುವವರು ನಿಲ್ಲಬೇಕು. ಅಲ್ಲಿ ಸಾಹುಕಾರ, ಗೌಡ ಅಂತ ಇಲ್ಲ. ಟ್ರ್ಯಾಕಿನ ತಿರುವಿನಲ್ಲಿ ಬಾವುಟ ಹಿಡಿದು ಬಿಸಿಲಲ್ಲಿ ನಿಂತ ಹುಡುಗ ಅವನೇ. ತಿರುವಿನ ಆಚೆ ಏನು ಬಿದ್ದಿದೆ ಅಂತ ಅವನಿಗೆ ಮಾತ್ರ ಕಾಣುತ್ತದೆ. ಹೆಚ್ಚಿನವರು ಪ್ರೀತಿಗೆ ಬಂದವರು, ಸಂಬಳಕ್ಕೆ ಅಲ್ಲ. ಸಂಜೆ ಕೊನೆಯ ಸುತ್ತು ಮುಗಿಸಿ ಬರುವಾಗ ಕಿಟಕಿಯಿಂದ ಅವರಿಗೆ ಕೈ ಎತ್ತುವ ರೂಢಿ ಇದೆ, ಬಿಡಬೇಡಿ.

ಬಾವುಟಗಳನ್ನು ಬ್ರೀಫಿಂಗಿನಲ್ಲಿ ತೋರಿಸುತ್ತಾರೆ, ನಾನು ಬೇಗ ದಾಟುತ್ತೇನೆ. ಕೆಂಪು ಅಂದರೆ ಎಲ್ಲ ಬಂದ್, ನಿಧಾನ ಮಾಡಿಕೊಂಡು ಪಿಟ್‌ಗೆ ಬನ್ನಿ. ಹಾಗಂತ ಇದ್ದಲ್ಲೇ ಗಪ್ಪನೆ ಬ್ರೇಕ್ ಒತ್ತಿದರೆ ಹಿಂದಿನವನು ನಿಮ್ಮ ಡಿಕ್ಕಿಯಲ್ಲಿ. ನೀಲಿ ತೋರಿಸಿದರೆ ಹಿಂದೆ ಬಿರುಸಿನವನಿದ್ದಾನೆ. ಕೆಂಪು-ಹಳದಿ ಪಟ್ಟೆ ಇದ್ದರೆ ದಾರಿ ಜಾರುತ್ತದೆ, ಎಣ್ಣೆಯೋ ಮಣ್ಣೋ ಚೆಲ್ಲಿದೆ. ಕಪ್ಪು ನಿಮಗೆ ತೋರಿಸಿದರೆ ಒಳಗೆ ಬಂದು ಬೈಸಿಕೊಳ್ಳಿ. ಕಪ್ಪಿನ ನಡುವೆ ಕಿತ್ತಳೆ ಬೊಟ್ಟು ಇದ್ದರೆ ನಿಮ್ಮ ಗಾಡಿಯಿಂದಲೇ ಏನೋ ಸೋರುತ್ತಿದೆ ಅಥವಾ ಕಳಚುತ್ತಿದೆ.

ಹಳದಿ ಹತ್ತಿರ ಮಾತ್ರ ನಿಲ್ಲುತ್ತೇನೆ. ಹಳದಿ ಅಂದರೆ ಮುಂದೆ ಅಪಾಯ, ನಿಧಾನ ಮಾಡು, ದಾಟಬೇಡ. ನಮ್ಮ ಜನ ಸಿಗ್ನಲ್ಲಿನ ಹಳದಿ ಕಂಡರೆ ಇನ್ನೂ ಜೋರು ಹೊಡೆಯುತ್ತಾರೆ, ಅದೇ ಕಾಲು ಟ್ರ್ಯಾಕಿಗೂ ಬರುತ್ತದೆ. 2014ರ ಅಕ್ಟೋಬರ್ 5, ಜಪಾನಿನ ಸುಝುಕಾ, ಫಾರ್ಮುಲಾ ಒನ್ ರೇಸ್, ಮಳೆ. ಒಂದು ಕಾರು ಜಾರಿ ಹೊರಗೆ ಹೋಗಿತ್ತು, ಅದನ್ನು ಎತ್ತಲು ಟ್ರ್ಯಾಕ್ಟರ್ ಕ್ರೇನ್ ಬಂದಿತ್ತು, ಎರಡೆರಡು ಹಳದಿ ಬಾವುಟ ಬೀಸುತ್ತಿದ್ದರು. ಮರು ಸುತ್ತಿನಲ್ಲಿ ಜೂಲ್ ಬಿಯಾಂಕಿ ಅನ್ನುವ ಹುಡುಗ ಅದೇ ಜಾಗದಲ್ಲಿ ಜಾರಿ ಆ ಕ್ರೇನಿಗೇ ಬಡಿದ. ಒಂಬತ್ತು ತಿಂಗಳು ಪ್ರಜ್ಞೆ ಬರಲಿಲ್ಲ, 2015ರ ಜುಲೈನಲ್ಲಿ ತೀರಿಕೊಂಡ. ಹಳದಿಯಲ್ಲಿ ಸಾಕಷ್ಟು ನಿಧಾನ ಮಾಡಿರಲಿಲ್ಲ ಅಂತ ವಿಚಾರಣಾ ಸಮಿತಿ ಬರೆಯಿತು. ಜಗತ್ತಿನಲ್ಲಿ ಇಪ್ಪತ್ತು ಚಿಲ್ಲರೆ ಜನಕ್ಕೆ ಮಾತ್ರ ಸಿಗುವ ಸೀಟಿನಲ್ಲಿ ಕೂತವನ ಗತಿ ಇದು. ನಾವು ಕಲಬುರಗಿಯಿಂದ ಸ್ವಿಫ್ಟ್ ತಗೊಂಡು ಹೋದವರು.

ಈಗ ನನ್ನ ಮಾನ ನಾನೇ ಹರಾಜು ಹಾಕುತ್ತೇನೆ. ನನ್ನ ಮೊದಲ ಟ್ರ್ಯಾಕ್ ಡೇ. ನಾಲ್ಕನೇ ಸುತ್ತು, ನೇರ ದಾರಿ ಮುಗಿಯುವಲ್ಲಿ ಬ್ರೇಕ್ ತುಳಿದೆ. ಪೆಡಲ್ ಮೆತ್ತಗೆ, ನೆನೆಸಿದ ಸ್ಪಂಜಿನ ಹಾಗೆ ಕೆಳಗೆ ಇಳಿಯಿತು. ಗಾಡಿ ನಿಲ್ಲಲಿಲ್ಲ. ಎರಡು ಸಲ ಪಂಪ್ ಮಾಡಿದೆ, ಸ್ವಲ್ಪ ಹಿಡಿಯಿತು, ಅಷ್ಟರಲ್ಲಿ ತಿರುವು ಬಂದೇಬಿಟ್ಟಿತ್ತು. ದಾರಿ ತಪ್ಪಿದ ಗಾಡಿ ನಿಲ್ಲಲಿ ಅಂತ ತಿರುವಿನ ಆಚೆ ಜಲ್ಲಿ ಹಾಕಿರುತ್ತಾರೆ, ನೇರ ಅದಕ್ಕೇ ಹೋಗಿ ಹೂತುಕೊಂಡೆ. ಕೆಂಪು ಬಾವುಟ. ನನ್ನನ್ನು ಎಳೆದು ಹಾಕುವಷ್ಟರಲ್ಲಿ ನಮ್ಮ ಗುಂಪಿನ ಸಮಯ ಮುಗಿದುಹೋಯಿತು, ಎಲ್ಲರ ದುಡ್ಡೂ ಜಲ್ಲಿ ಪಾಲು. ಪಿಟ್‌ನಲ್ಲಿ ಒಬ್ಬ ತಮಿಳು ಹಿರಿಯರು ಬಂದು ನೀರು ಕೊಟ್ಟು ಮೆಲ್ಲಗೆ ಕೇಳಿದರು, “ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು?” ನಾನು ಗ್ಯಾರೇಜಿನವನು. ಊರ ಮಂದಿಯ ಗಾಡಿಗೆಲ್ಲ ನೆನಪಿಟ್ಟು ಬದಲಾಯಿಸುತ್ತೇನೆ. ನನ್ನ ಗಾಡಿಗೆ ಮೂರು ವರ್ಷ ಆಗಿತ್ತು. ದೀಪದ ಬುಡಕ್ಕೇ ಕತ್ತಲೆ.

ಯಾಕೆ ಹೀಗಾಯಿತು ಅಂದರೆ, ವೇಗ ಎರಡು ಪಟ್ಟಾದರೆ ಅದರ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಒಂದು ಟನ್ ತೂಕದ ಗಾಡಿಯನ್ನು 120ರಿಂದ 60ಕ್ಕೆ ಇಳಿಸಿದರೆ ಬ್ರೇಕಿನಲ್ಲಿ ಹುಟ್ಟುವ ಶಾಖಕ್ಕೆ ಒಂದು ಲೀಟರಿಗೂ ಮಿಕ್ಕಿ ತಣ್ಣೀರು ಕುದಿ ಬರುತ್ತದೆ. ಒಂದು ತುಳಿತಕ್ಕೆ ಮನೆಮಂದಿಗೆಲ್ಲ ಚಹಾ. ಸುತ್ತಿಗೆ ಐದಾರು ಸಲ ಅಂದರೆ ಲೆಕ್ಕ ಹಾಕಿ. ಪೆಡಲ್ ತುಳಿದ ಒತ್ತಡವನ್ನು ಗಾಲಿಯ ಬ್ರೇಕಿಗೆ ಮುಟ್ಟಿಸುವುದು ಬ್ರೇಕ್ ಆಯಿಲ್, ಅದು ಗಾಳಿಯ ತೇವ ಹೀರುತ್ತದೆ. ಡಾಟ್ 3 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ತೇವ ಹೀರಿದ ಮೇಲೆ ಅದು 140ಕ್ಕೆ ಇಳಿಯಬಹುದು. ಡಾಟ್ 4 ಆದರೆ 230, ತೇವ ಕುಡಿದರೆ 155. ಕುದಿದ ಕಡೆ ಗುಳ್ಳೆ ಏಳುತ್ತದೆ, ನಿಮ್ಮ ಕಾಲು ಆಯಿಲ್ ತಳ್ಳುವುದು ಬಿಟ್ಟು ಗುಳ್ಳೆ ಹಿಂಡುತ್ತಾ ಕೂರುತ್ತದೆ.

ಈಗ ಹೋಗುವ ಹಿಂದಿನ ರಾತ್ರಿ ನಮ್ಮ ಗ್ಯಾರೇಜಿನಲ್ಲಿ ಒಂದು ಪೂಜೆ ನಡೆಯುತ್ತದೆ. ಅಕ್ಕನ ಮಗ ಒಳಗೆ ಕೂತು ಪೆಡಲ್ ತುಳಿಯುತ್ತಾನೆ, ನಾನು ಗಾಲಿ ಬುಡದಲ್ಲಿ ಪಾನಾ ಹಿಡಿದು ಕೂರುತ್ತೇನೆ. ‘ತುಳಿ… ಹಿಡಿ.’ ಆಯಿಲ್ ಹೊರಗೆ ಬಿಡುವ ಸಣ್ಣ ತಿರುಪು, ನಿಪ್ಪಲ್, ಅದನ್ನು ಸಡಿಲ ಮಾಡಿದರೆ ಪೈಪಿನಲ್ಲಿ ಕರಿ ಚಹಾದ ಬಣ್ಣದ ಹಳೇ ಆಯಿಲ್ ಬಾಟಲಿಗೆ ಇಳಿಯುತ್ತದೆ. ‘ಬಿಗಿದೆ, ಬಿಡು.’ ದೂರದ ಗಾಲಿಯಿಂದ ಶುರು, ಹತ್ತಿರದ್ದು ಕೊನೆಗೆ, ಜೇನಿನ ಬಣ್ಣದ ಹೊಸ ಆಯಿಲ್ ಗುಳ್ಳೆ ಇಲ್ಲದೆ ಬರುವ ತನಕ. ಒಂದು ಸಲ ನಾನು ಬಿಗಿಯುವ ಮೊದಲೇ ಅಳಿಯ ಕಾಲು ಬಿಟ್ಟ, ಗಾಳಿ ಒಳಗೆ ಹೋಯಿತು, ಮೊದಲಿಂದ ಶುರುಮಾಡಿದೆವು. “ಮಾಮಾ, ನೀ ಬಿಡು ಅಂದಂಗ ಕೇಳ್ತು,” ಅಂದ. ನೋಡ್ರಿ, ಇಬ್ಬರೇ ಇರುವ ಗ್ಯಾರೇಜಿನಲ್ಲೂ ಸನ್ನೆ ತಪ್ಪುತ್ತದೆ.

ಉಳಿದದ್ದು ಸಣ್ಣಪುಟ್ಟದ್ದು, ಆದರೆ ಬಿಡುವಂಥದ್ದಲ್ಲ. ಸ್ಟೆಪ್ನಿ, ಜಾಕ್, ಕಾಲಡಿಯ ಮ್ಯಾಟು, ಡೋರಿನಲ್ಲಿರುವ ನೀರಿನ ಬಾಟಲಿ ಎಲ್ಲ ಹೊರಗೆ. ಬಾಟಲಿ ಉರುಳಿ ಬ್ರೇಕ್ ಪೆಡಲಿನ ಅಡಿ ಸಿಕ್ಕಿಕೊಂಡರೆ ಹೊಸ ಆಯಿಲ್ ಇದ್ದೂ ಏನೂ ಮಾಡುವುದಿಲ್ಲ. ಗಾಲಿ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿದು, ಮೊದಲ ಸುತ್ತಾಟ ಮುಗಿಸಿ ತಣ್ಣಗಾದ ಮೇಲೆ ಇನ್ನೊಮ್ಮೆ ನೋಡಬೇಕು. ಟೈರು ಕಾದ ಹಾಗೆ ಹವಾ ಏರುತ್ತದೆ, ಬೆಳಗ್ಗೆ ಹಾಕಿದ ಲೆಕ್ಕ ಮಧ್ಯಾಹ್ನ ನಡೆಯಲ್ಲ. ಒಳಗೆ ಬಂದು ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಕಾದ ಬ್ರೇಕ್ ಹಾಗೇ ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಗಾಲಿಗೆ ಇಟ್ಟಿಗೆ ಕೊಡಿ. ಕೊನೆಯ ಸುತ್ತು ಬ್ರೇಕ್ ಮುಟ್ಟದೆ ನಿಧಾನ ಬರುವುದು ಅದಕ್ಕೇ, ಗಾಡಿ ಆರಲಿ ಅಂತ.

ಬೈಕಿನವರು ಇಲ್ಲಿ ಹೆಚ್ಚಿದ್ದೀರಿ. ರೇಡಿಯೇಟರಿನಲ್ಲಿ ಇಂಜಿನ್ ತಣ್ಣಗಿಡುವ ಕೂಲಂಟ್ ತೆಗೆದು ಬರೀ ನೀರು ಹಾಕಿಸುತ್ತಾರೆ. ಕೂಲಂಟ್ ಚೆಲ್ಲಿದರೆ ಬೇಗ ಆರುವುದಿಲ್ಲ, ಎಣ್ಣೆಯಂತೆ ಜಾರುತ್ತದೆ, ಬೀಳುವವನು ನಿಮ್ಮ ಹಿಂದಿನವನು. ಲೈಟಿನ ಗಾಜಿಗೆ ಟೇಪ್ ಹಚ್ಚುವುದೂ ಅವನಿಗಾಗಿಯೇ, ಒಡೆದ ಚೂರು ದಾರಿಗೆ ಚೆಲ್ಲದಿರಲಿ ಅಂತ. ಜೀನ್ಸ್ ಹಾಕಿಕೊಂಡು ಬರ್ತೀನಿ ಅನ್ನುವವರು ಬರಬೇಡಿ. ಚರ್ಮದ ಸೂಟು, ಗ್ಲೌಸು, ಕಣಕಾಲು ಮುಚ್ಚುವ ಬೂಟು, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್. ಬಿದ್ದರೆ ಜಾರುವುದು ನಿಂತಿತು ಅನಿಸಿದ ಮೇಲೂ ಮೂರು ಎಣಿಸಿ ಏಳಿ. ನಿಂತೇಬಿಟ್ಟೆ ಅಂದುಕೊಂಡು ಎದ್ದವರು ಇನ್ನೂ ಜಾರುತ್ತಲೇ ಇರುತ್ತಾರೆ. ಎದ್ದ ಮೇಲೆ ಬೈಕಿನ ಕಡೆ ಓಡಬೇಡಿ, ಬೇಲಿಯ ಆಚೆ ಹೋಗಿ. ಬೈಕು ನಾನು ರಿಪೇರಿ ಮಾಡಿಕೊಡುತ್ತೇನೆ.

ಬಿಸಿಲಿನ ಬಗ್ಗೆ ನಮಗೊಂದು ಅಹಂಕಾರ ಇದೆ. 43 ಡಿಗ್ರಿಯಲ್ಲಿ ಜೋಳದ ರೊಟ್ಟಿ ಬಡಿಯುವ ಊರಿನವರು ಅಂತ. ನಮ್ಮದು ಒಣ ಬಿಸಿಲು, ಚೆನ್ನೈಯದು ಬೆವರಿನ ಬಿಸಿಲು. ಹೆಲ್ಮೆಟ್ಟಿನೊಳಗೆ ಇಪ್ಪತ್ತು ನಿಮಿಷ ಕಳೆದರೆ ತಲೆ ಮಂದ ಆಗುತ್ತದೆ, ಅದು ನಿಮಗೇ ತಿಳಿಯುವುದಿಲ್ಲ. ಉಪ್ಪು ಹಾಕಿದ ಮಜ್ಜಿಗೆ ಒಯ್ಯಿರಿ. ಸಂಜೆ ನಾಲ್ಕರ ಮೇಲೆ ‘ಇನ್ನೊಂದೇ ಸುತ್ತು’ ಅನಿಸುತ್ತದೆ. ಕೈಕಾಲು ದಣಿದು, ಟೈರು ಸವೆದು, ಧೈರ್ಯ ಮಾತ್ರ ಏರಿರುವ ಹೊತ್ತು ಅದು. ನಾನು ಕೊನೆಯ ಸೆಷನ್ ಬಿಟ್ಟೇಬಿಡುತ್ತೇನೆ, ಏಳುನೂರು ಕಿಲೋಮೀಟರ್ ಬಾಕಿ ಇರುತ್ತದಲ್ಲ.

ಮಾತು ಮುಗಿದ ಮೇಲೆ ಒಬ್ಬರು ವಿಮೆ ಬಗ್ಗೆ ಕೇಳಿದರು. ನಿಮ್ಮ ಪಾಲಿಸಿ ತೆಗೆದು ‘ಬಳಕೆಯ ಮಿತಿ’ ಅನ್ನುವ ಕಡೆ ಓದಿ. ರೇಸು, ವೇಗ ಪರೀಕ್ಷೆ ಇತ್ಯಾದಿಗೆ ಬಳಸಿದರೆ ಲಾಗೂ ಇಲ್ಲ ಅಂತ ಬರೆದಿರುತ್ತದೆ. ಟ್ರ್ಯಾಕಿನಲ್ಲಿ ಗಾಡಿ ಒಡೆದರೆ ಖರ್ಚು ನಿಮ್ಮದೇ ಅಂದುಕೊಂಡು ಹೋಗಿ. ಬಹಳ ಕಡೆ ಸುತ್ತಿನ ಸಮಯ ಅಳೆಯಲು ಬಿಡದಿರುವುದಕ್ಕೂ ಇದೊಂದು ಕಾರಣ. ಇನ್ನೊಂದು ಕಾರಣ, ಗಡಿಯಾರ ಕಂಡರೆ ನಮ್ಮ ಹುಡುಗರು ಕನ್ನಡಿ ನೋಡುವುದು ಬಿಡುತ್ತಾರೆ.

ಹಿಂದಿನ ಸಾಲಿನಲ್ಲಿ ಧೋತರ ಉಟ್ಟ ಹಿರಿಯರೊಬ್ಬರು ಇಡೀ ಹೊತ್ತು ಸುಮ್ಮನೆ ಕೂತಿದ್ದರು. ಅಫಜಲಪುರ ಕಡೆಯ ರೈತರು, ಮಗನ ಜೊತೆ ಬಂದವರು. ಬೈತಾರೆ ಅಂದುಕೊಂಡೆ. ಎದ್ದು ನಿಂತು, “ಸಾಹೇಬ್ರ, ಅದೇನೋ ಎಣ್ಣಿ ಅಂದ್ರೆಲ್ಲ, ನಮ್ಮ ಹುಡುಗನ ಗಾಡಿದು ಒಮ್ಮೆ ನೋಡಿ ಹೇಳ್ತೀರೇನ್ರಿ?” ಅಂದರು. ಕೆಳಗೆ ಹೋಗಿ, ಮೊಬೈಲ್ ಟಾರ್ಚ್ ಹಿಡಿದು ಬಾನೆಟ್ ಎತ್ತಿದೆವು. ಡಬ್ಬಿಯೊಳಗೆ ಕರಿ ಚಹಾ. ಮಗ ನೆಲ ನೋಡುತ್ತಿದ್ದ. ನಾಳೆ ಗ್ಯಾರೇಜಿಗೆ ತಾ ಅಂದೆ. “ನಾಳಿ ಯಾಕ್ರಿ, ಈಗೇ ನಡೀರಿ, ಊರಿಗಿ ಇದ್ರಾಗೇ ಹೋಗಬೇಕು,” ಅಂದರು ಅಪ್ಪ.